ಬಾಳಿಕೆಯ ಬಂಡಿ, ಬಾಳಬೇಕಾದ ನೆಲ

ಪಿಕಪ್ ವಾಹನದ ಬೆನ್ನ ಮೇಲೆ ಪುಟ್ಟದೊಂದು ಮನೆಯನ್ನು ಹೇರಿಕೊಂಡು ಮರಳುಗಾಡು, ಬೆಟ್ಟ, ಬಯಲುಗಳಲ್ಲಿ ವಾರಗಟ್ಟಲೆ ಅಲೆಯುವುದು ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಬಹುಕಾಲದಿಂದ ಬಂದ ಹವ್ಯಾಸ. ಇಂತಹ ವಾಹನಗಳ ಚಿತ್ರಗಳನ್ನು ನಮ್ಮ ಕಾಲೇಜು ವಿದ್ಯಾರ್ಥಿಗಳು ಇಂದು ಮೊಬೈಲಿನಲ್ಲಿ ನೋಡುತ್ತಾರೆ; ‘ಯಾವುದು ಗಟ್ಟಿ, ಯಾವುದು ಬಾಳಿಕೆ ಬರುತ್ತದೆ?’ ಎಂದು ಚರ್ಚಿಸುತ್ತಾರೆ. ಪ್ರಶ್ನೆ ಒಳ್ಳೆಯದೇ. ಆದರೆ ಅದಕ್ಕೆ ಸರಿಯಾದ ಉತ್ತರ ಹುಡುಕಹೊರಟರೆ ವಾಹನವನ್ನಷ್ಟೇ ನೋಡಿದರೆ ಸಾಲದು, ಅದರ ಚಕ್ರದ ಕೆಳಗಿನ ಮಣ್ಣನ್ನೂ ನೋಡಬೇಕಾಗುತ್ತದೆ. ಮಣ್ಣಿನ ವಿದ್ಯಾರ್ಥಿಯಾಗಿ ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೊದಲು ವಸ್ತುವಿನ ಪರಿಚಯ. ಪಾಪ್-ಅಪ್ ಕ್ಯಾಂಪರ್ ಎಂದರೆ ಪಿಕಪ್ಪಿನ ಸರಕು ತೊಟ್ಟಿಯಲ್ಲಿ ಕೂರಿಸುವ ಪೆಟ್ಟಿಗೆಮನೆ. ಓಡುವಾಗ ಅದರ ಛಾವಣಿ ಕೆಳಗಿಳಿದಿರುತ್ತದೆ. ನಿಂತಾಗ ಮೇಲಕ್ಕೆತ್ತಿದರೆ ಸುತ್ತಲೂ ದಪ್ಪ ಬಟ್ಟೆಯ ಗೋಡೆ ಬಿಚ್ಚಿಕೊಂಡು, ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರ ದೊರೆಯುತ್ತದೆ. ಛಾವಣಿ ತಗ್ಗಿರುವುದರಿಂದ ಗಾಳಿಯ ತಡೆ ಕಡಿಮೆ, ಭಾರದ ಕೇಂದ್ರವೂ ಕೆಳಗೆ. ಓರೆಯಾದ ದಾರಿಯಲ್ಲಿ ಮಗುಚುವ ಭಯ ಎತ್ತರದ ಪೆಟ್ಟಿಗೆಗಿಂತ ಇದಕ್ಕೆ ಕಡಿಮೆ. ಫೋರ್ ವೀಲ್ ಕ್ಯಾಂಪರ್ಸ್ ಎಂಬ ಅಮೆರಿಕದ ಕಂಪನಿ 1972ರಿಂದಲೂ ಇಂತಹವುಗಳನ್ನು ತಯಾರಿಸುತ್ತಿದೆ.

ಬಾಳಿಕೆಯ ಮೊದಲ ಸೂತ್ರ ತೂಕ. ದಪ್ಪ ತಗಡು, ದೊಡ್ಡ ಬೋಲ್ಟು ಕಂಡರೆ ಗಟ್ಟಿ ಎನ್ನುವುದು ನಮ್ಮೆಲ್ಲರ ಸಹಜ ಭಾವನೆ. ವಾಸ್ತವ ಇದಕ್ಕೆ ವಿರುದ್ಧ. ಅಮೆರಿಕದಲ್ಲಿ ಮಾರುವ ಬಹುತೇಕ ಪಿಕಪ್ಪುಗಳ ಚಾಲಕನ ಬಾಗಿಲ ಬಳಿ, ಜನ ಮತ್ತು ಸರಕು ಸೇರಿ ಎಷ್ಟು ತೂಕ ಮೀರಬಾರದು ಎಂಬ ಚೀಟಿ ಅಂಟಿಸಿರುತ್ತದೆ. ಆ ಮಿತಿ 700 ಕಿಲೋ ಎಂದು ಇಟ್ಟುಕೊಳ್ಳೋಣ. ಬರಿದಾದ ಕ್ಯಾಂಪರಿನ ತೂಕ 500 ಕಿಲೋ ಎಂದರೆ ಕೊಳ್ಳುವವನಿಗೆ ಸಮಾಧಾನ. ಆದರೆ 75 ಲೀಟರ್ ನೀರು ತುಂಬಿದರೆ 75 ಕಿಲೋ. ಇಬ್ಬರು ಮನುಷ್ಯರು 150 ಕಿಲೋ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಫ್ರಿಜ್ಜು 80 ಕಿಲೋ. ದಿನಸಿ, ಬಟ್ಟೆ, ಹತಾರಗಳು ಇನ್ನೊಂದು 80 ಕಿಲೋ. ಒಟ್ಟು 885 ಕಿಲೋ ಆಯಿತು; ಮಿತಿಗಿಂತ 185 ಕಿಲೋ ಹೆಚ್ಚು. ಸ್ಪ್ರಿಂಗು, ಟೈರು, ಬ್ರೇಕು, ಅಚ್ಚು ಎಲ್ಲವೂ ಸವೆಯತೊಡಗುವುದು ಇಲ್ಲಿಂದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಣಕ್ಕೆ ಮಾತ್ರವಲ್ಲ, ಭಾರಕ್ಕೂ ಅನ್ವಯಿಸುತ್ತದೆ. ಆದುದರಿಂದ ಮಾರಾಟದ ಕಾಗದದಲ್ಲಿರುವ ಬರಿದಾದ ತೂಕವನ್ನು ನಂಬದೆ, ಎಲ್ಲವನ್ನೂ ತುಂಬಿಕೊಂಡು ಎಡೆಕಟ್ಟಿಗೆ ಹೋಗಿ ತೂಗಿಸುವವನೇ ಜಾಣ.

ಭಾರ ಎಷ್ಟು ಎಂಬುದರಷ್ಟೇ ಭಾರ ಎಲ್ಲಿ ಎಂಬುದೂ ಮುಖ್ಯ. ಎತ್ತಿನ ಗಾಡಿಗೆ ಹುಲ್ಲು ಹೇರುವ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಚ್ಚಿನ ಹಿಂದೆ ಹೆಚ್ಚು ಹೇರಿದರೆ ನೊಗ ಮೇಲೇಳುತ್ತದೆ. ಪಿಕಪ್ಪಿನಲ್ಲೂ ಹಾಗೆಯೇ: ಕ್ಯಾಂಪರಿನ ಭಾರಕೇಂದ್ರ ಹಿಂದಿನ ಅಚ್ಚಿಗಿಂತ ಮುಂದಿರಬೇಕು. ಇಲ್ಲವಾದರೆ ಮುಂಚಕ್ರಗಳು ಹಗುರಾಗಿ, ಇಳಿಜಾರಿನಲ್ಲಿ ಸ್ಟೇರಿಂಗು ಮಾತು ಕೇಳದು.

ಎರಡನೆಯದು ಚೌಕಟ್ಟು. ಮರದ ಚೌಕಟ್ಟು ಅಗ್ಗ, ದುರಸ್ತಿಗೆ ಸುಲಭ. ಆದರೆ ಛಾವಣಿಯ ಅಂಚಿನಿಂದ ನೀರು ಸೋರಿದರೆ ಹೊರಗೆ ಕಾಣದಂತೆ ಒಳಗೊಳಗೇ ಕೊಳೆಯುತ್ತದೆ. ಬೆಸುಗೆ ಹಾಕಿದ ಅಲ್ಯೂಮಿನಿಯಂ ಚೌಕಟ್ಟು ಹಗುರ, ಕೊಳೆಯುವುದಿಲ್ಲ. ಏರುತಗ್ಗಿನಲ್ಲಿ ತುಸು ಬಳುಕಿ ಸುಧಾರಿಸಿಕೊಳ್ಳುತ್ತದೆ. ಅದಕ್ಕೂ ದೋಷವುಂಟು. ಉಕ್ಕಿನಂತೆ ಅಲ್ಯೂಮಿನಿಯಂಗೆ ದಣಿವಿನ ಕೆಳಮಿತಿಯಿಲ್ಲ. ಸಣ್ಣ ಅಲುಗಾಟವೂ ಲಕ್ಷಾಂತರ ಬಾರಿ ಮರುಕಳಿಸಿದರೆ ಬೆಸುಗೆಯ ಬಳಿ ಬಿರುಕು ಮೂಡಬಹುದು. ಚಳಿಯಲ್ಲಿ ಒಳಮೈಗೆ ಹನಿಗಟ್ಟುವುದೂ ಅದರಲ್ಲಿ ಹೆಚ್ಚು. ನಾರು ಮತ್ತು ರಾಳದ ಸಂಯುಕ್ತ ಹಲಗೆಗಳಿಗೆ ಕೀಲು ಕಡಿಮೆ, ಸೋರಿಕೆ ಕಡಿಮೆ. ಬೆಲೆ ಮಾತ್ರ ಹೆಚ್ಚು, ಒಡೆದರೆ ಹಳ್ಳಿಯ ಗ್ಯಾರೇಜಿನಲ್ಲಿ ರಿಪೇರಿ ಕಷ್ಟ. ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇಷ್ಟು: ಹಗುರವಾದ ಚೌಕಟ್ಟು, ಕಡಿಮೆ ಕೀಲುಗಳು, ಕೈಯಿಂದಲೇ ಎತ್ತುವ ಛಾವಣಿ, ಹೊಲಿಯಲು ಬರುವ ಬಟ್ಟೆ, ಕೈಗೆಟಕುವ ಜಾಗದಲ್ಲಿ ಬಿಗಿಯುವ ಕೊಂಡಿಗಳು. ದಾರಿಯಲ್ಲಿ ಕೆಟ್ಟರೆ ದಾರಿಯಲ್ಲೇ ಸರಿಪಡಿಸಲು ಬರುವುದೇ ನಿಜವಾದ ಬಾಳಿಕೆ.

ಇನ್ನು ನೆಲದ ಮಾತು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯಿಂದ ಒಂದು ಸೂತ್ರ ಹೊರಬಂತು. ಅಚ್ಚಿನ ಮೇಲಿನ ಭಾರ ಏರಿದಂತೆ ರಸ್ತೆಗಾಗುವ ಹಾನಿ ಸುಮಾರು ಅದರ ನಾಲ್ಕನೆಯ ಘಾತದಷ್ಟು ಏರುತ್ತದೆ. ಭಾರ ಶೇಕಡ 20ರಷ್ಟು ಹೆಚ್ಚಿದರೆ ಹಾನಿ ಇಮ್ಮಡಿ! ಡಾಮರು ರಸ್ತೆಯ ಗತಿಯೇ ಹೀಗಿದ್ದರೆ ಹಸಿ ಮಣ್ಣಿನ ಪಾಡೇನು? ಟೈರಿನ ಗಾಳಿ ಇಳಿಸಿದರೆ ಮೇಲ್ಪದರದ ಒತ್ತಡವೇನೋ ತಗ್ಗುತ್ತದೆ. ಆದರೆ ಆಳದ ಮಣ್ಣು ಗಡುಸಾಗುವುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅಚ್ಚಿನ ಒಟ್ಟು ಭಾರ. ಹಾಗೆ ಗಡುಸಾದ ನೆಲದಲ್ಲಿ ನೀರು ಇಂಗದು, ಬೇರು ಇಳಿಯದು.

ಯೂಟಾ ರಾಜ್ಯದ ಮೋಆಬ್ ಸುತ್ತಲಿನ ಮರಳುಗಾಡಿನ ನೆಲಕ್ಕೆ ಒಂದು ಸಜೀವ ಹೊದಿಕೆಯಿದೆ. ನಮ್ಮ ಗದ್ದೆಯ ನೀರಿನಲ್ಲಿ ಸಾರಜನಕ ಸ್ಥಿರೀಕರಿಸುವ ನೀಲಿ-ಹಸಿರು ಪಾಚಿಯ ಬಳಗದ ಜೀವಿಗಳು, ಕಲ್ಲುಹೂವು, ಹಾವಸೆ ಇವೆಲ್ಲ ಸೇರಿ ಮರಳಿನ ಕಣಗಳನ್ನು ಹೆಣೆದು ಹಿಡಿದ ಪದರವದು. ಗಾಳಿಗೆ ಮಣ್ಣು ಹಾರದಂತೆ ತಡೆಯುವುದು ಅದೇ, ಗಿಡಗಳಿಗೆ ಸಾರ ಒದಗಿಸುವುದೂ ಅದೇ. ವಿಜ್ಞಾನಿ ಜೇನ್ ಬೆಲ್ನಾಪ್ ಮೊದಲಾದವರು ಇದನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಒಂದು ಚಕ್ರ ಒಮ್ಮೆ ಹಾದುಹೋದರೆ ಸಾಕು, ಪದರ ಮುರಿಯುತ್ತದೆ; ಪೂರ್ತಿ ಮರಳಿ ಕಟ್ಟಲು ದಶಕಗಳೇ ಬೇಕು. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ 1942ರಿಂದ 1944ರವರೆಗೆ ನಡೆದ ಸೈನಿಕ ತರಬೇತಿಯ ಟ್ಯಾಂಕುಗಳ ಜಾಡು ಅನೇಕ ದಶಕಗಳ ಬಳಿಕವೂ ಅಳಿಸಿರಲಿಲ್ಲ.

ಇದನ್ನರಿತೇ 1972ರಲ್ಲಿ ಅಧ್ಯಕ್ಷ ನಿಕ್ಸನ್, ಸಾರ್ವಜನಿಕ ಭೂಮಿಯಲ್ಲಿ ವಾಹನಗಳು ಎಲ್ಲಿ ಓಡಬಹುದು, ಎಲ್ಲಿ ಓಡಬಾರದು ಎಂಬುದನ್ನು ಗುರುತಿಸಬೇಕೆಂದು ಆದೇಶ ಹೊರಡಿಸಿದರು. 2005ರಲ್ಲಿ ಅಲ್ಲಿನ ಅರಣ್ಯ ಇಲಾಖೆ, ಗುರುತಿಸಿದ ದಾರಿಗಳನ್ನು ನಕ್ಷೆಯಲ್ಲಿ ಪ್ರಕಟಿಸಿ, ಅದರ ಹೊರಗಿನ ಓಡಾಟವನ್ನು ನಿಷೇಧಿಸುವ ನಿಯಮ ತಂದಿತು. ವಿಪರ್ಯಾಸವೆಂದರೆ, ‘ದಾರಿ ಬಿಟ್ಟು ಎಲ್ಲಿಗಾದರೂ ಹೋಗಬಹುದು’ ಎಂಬ ಜಾಹೀರಾತಿನಿಂದ ಮಾರುವ ವಾಹನಕ್ಕೆ ಬೇಕಾದುದು ದಾರಿ ಬಿಡದ ಚಾಲಕ.

ನಮ್ಮ ಘಟ್ಟಕ್ಕೆ ಈ ಮಾತು ಏಕೆ ಬೇಕು? ಆಸೆ ಇಲ್ಲಿಗೂ ಬಂದಿದೆ. ಊರ ಗ್ಯಾರೇಜಿನಲ್ಲಿ ಪಿಕಪ್ಪಿಗೆ ಪೆಟ್ಟಿಗೆ ಬೆಸೆಯಲು ಹೊರಡುವ ಮಿತ್ರರು ಒಂದು ವಿಷಯ ತಿಳಿದಿರಬೇಕು. ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅವಕಾಶ ಕೊಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಅದಕ್ಕಿಂತ ದೊಡ್ಡದು ನೆಲದ ಪ್ರಶ್ನೆ. ಮೋಆಬಿನ ನೆಲ ಒಣಗಿದ್ದು, ನಮ್ಮದು ತಿಂಗಳುಗಟ್ಟಲೆ ನೆನೆದದ್ದು. ಶೋಲೆಯಂಚಿನ ಹುಲ್ಲುಗಾವಲಿನಲ್ಲಿ ಮಳೆಗಾಲದಲ್ಲಿ ಬಿದ್ದ ಚಕ್ರದ ಜಾಡು ಮುಂದಿನ ಮಳೆಗೆ ಕಾಲುವೆಯಾಗುತ್ತದೆ, ಬಳಿಕ ಕೊರಕಲಾಗುತ್ತದೆ. ಕೊಚ್ಚಿಹೋದ ಮಣ್ಣು ಕೆಳಗಿನ ಕೆರೆಯಲ್ಲಿ, ತೋಟದಲ್ಲಿ ಬಂದು ಕೂರುತ್ತದೆ. ಪ್ರವಾಸಿ ಸೋಮವಾರ ಊರಿಗೆ ಮರಳುತ್ತಾನೆ, ಹೂಳೆತ್ತುವವರು ನಾವು.

ಆದುದರಿಂದ ವಾಹನಗಳು ಬರುವ ಮೊದಲೇ ಪ್ರತಿ ಊರಿನ ಗ್ರಾಮಸಭೆ ಕುಳಿತು ಚರ್ಚಿಸಲಿ: ಯಾವ ದಾರಿ ತೆರೆದಿದೆ, ಯಾವ ಗುಡ್ಡ ಬೇಡ, ಮಳೆಗಾಲದ ಯಾವ ತಿಂಗಳುಗಳಲ್ಲಿ ಗಾಲಿ ನಿಲ್ಲಬೇಕು, ರಾತ್ರಿ ತಂಗಲು ಯಾರ ಅಂಗಳ ಸರಿ. ವಿದ್ಯಾರ್ಥಿ ಮಿತ್ರರು ತಮ್ಮ ಊರಿನ ಹಳೆಯ ಗಾಡಿದಾರಿಗಳ ನಕ್ಷೆ ಬರೆಯಲಿ. ಅಂತಹ ನಕ್ಷೆ ಕೈಯಲ್ಲಿದ್ದರೆ ಇಲಾಖೆಯ ಮುಂದೆ ಮಾತಿಗೆ ತೂಕ ಬರುತ್ತದೆ. ತಿರುಗಾಟ ತಪ್ಪಲ್ಲ, ನಾಡು ನೋಡುವ ಆಸೆ ಒಳ್ಳೆಯದು. ಹಗುರವಾಗಿ ಹೇರಿಕೊಂಡು, ಇದ್ದ ದಾರಿಯಲ್ಲೇ ಸಾಗುವವನ ಬಂಡಿಯೂ ಹೆಚ್ಚು ಕಾಲ ಬಾಳುತ್ತದೆ, ಅವನು ನೋಡಹೊರಟ ಬೆಟ್ಟವೂ ಅವನ ಮಕ್ಕಳಿಗೆ ಉಳಿಯುತ್ತದೆ.