ಗಣಕಯಂತ್ರದ ಅಂಗಳದಲ್ಲಿ ಕರೆಯದೆ ಬಂದವರು

ಅಡಕೆ ಹರಡಿದ ಅಂಗಳದಲ್ಲಿ ಕಾಲಿಡಲು ಎಡೆಯಿಲ್ಲದಿದ್ದರೂ ಮನೆಯವರು ಬೇಸರಪಡುವುದಿಲ್ಲ. ಹರಡಿರುವುದು ತಮ್ಮದೇ ಬೆಳೆಯಷ್ಟೆ. ಗಣಕಯಂತ್ರದ ಪರದೆಯನ್ನು ಮುಚ್ಚಿಕೊಳ್ಳುವ ಪುಟ್ಟ ಚಿತ್ರಗಳ ಮಾತು ಹಾಗಲ್ಲ. ಹೊಸ ತಂತ್ರಾಂಶವೊಂದನ್ನು ಸ್ಥಾಪಿಸಿದೊಡನೆಯೇ ಅದರದೊಂದು ಶಾರ್ಟ್‌ಕಟ್ಟು, ಅದರ ಸಂಗಡಿಗನದೊಂದು, ಹೀಗೆ ಪರಿವಾರ ಸಮೇತ ಬಂದು ಕುಳಿತುಬಿಡುತ್ತವೆ.

ಪರದೆಯನ್ನು ಬರೆಯುವ ಮೇಜಿನಂತೆ ಕಲ್ಪಿಸಿ 1981ರಲ್ಲಿ ಮಾರಾಟಕ್ಕೆ ತಂದುದು ಜೆರಾಕ್ಸ್ ಕಂಪನಿಯ ‘ಸ್ಟಾರ್’ ಯಂತ್ರ. ಶಾರ್ಟ್‌ಕಟ್ಟುಗಳು ಮನೆಮನೆಗೆ ಬಂದುದು 1995ರ ವಿಂಡೋಸಿನೊಡನೆ. ಇದು ತಂತ್ರಾಂಶವಲ್ಲ, ತಂತ್ರಾಂಶವಿರುವ ಕಡೆಗೆ ಬೆರಳು ತೋರುವ ಸಣ್ಣ ಕಡತ ಮಾತ್ರ. ಅಳಿಸಿದರೆ ಯಾವ ಹಾನಿಯೂ ಇಲ್ಲ.

ಮನೆಯಲ್ಲಾದರೆ ಇಷ್ಟಕ್ಕೇ ಮಾತು ಮುಗಿಯಿತು. ಆದರೆ ಎಕ್ಕಂಬಿಯಂತಹ ಊರಿನ ಸಹಕಾರಿ ಸಂಘವೊಂದನ್ನು ವಾಚಕರು ನೆನೆದುಕೊಳ್ಳಲಿ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಲ್ಲಿ 63,000ದಷ್ಟನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರಕಾರವು 2022ರಲ್ಲಿ ಒಪ್ಪಿಗೆಯಿತ್ತಿತು. ಇಂತಹ ಸಂಘದ ಗುಮಾಸ್ತರ ಮುಂದೆ ಹಳೆಯ ಲೆಕ್ಕದ ತಂತ್ರಾಂಶವೂ ಹೊಸದೂ ಒಂದೇ ಹೋಲಿಕೆಯ ಚಿತ್ರಗಳಾಗಿ ಪಕ್ಕಪಕ್ಕದಲ್ಲಿದ್ದರೆ, ಕಂತು ಕಟ್ಟಲು ಬಂದ ರೈತನ ಹಣವು ಯಾವುದರೊಳಗೆ ಜಮೆಯಾದೀತು? ಬೆಳೆಸಾಲದ ಬಡ್ಡಿಯ ರಿಯಾಯಿತಿ ದೊರೆಯುವುದು ಗಡುವಿನೊಳಗೆ ಕಟ್ಟಿದವರಿಗೆ. ಗಡುವಿನ ದಿನದ ಒಂದು ತಪ್ಪು ನಮೂದು ಬಡವನ ಮನೆಯಲ್ಲಿ ಸಣ್ಣ ಸಂಗತಿಯಾಗಲಾರದು.

ಗುಮಾಸ್ತರೇ ಅಳಿಸಿಹಾಕಬಾರದೇಕೆ ಎಂದು ಕೇಳಬಹುದು. ಯಂತ್ರವನ್ನು ಬಳಸುವವರೆಲ್ಲರಿಗೂ ಕಾಣುವ ‘ಪಬ್ಲಿಕ್’ ಎಂಬ ಸಾಮಾನ್ಯ ಕೋಶದಲ್ಲಿಟ್ಟ ಶಾರ್ಟ್‌ಕಟ್ಟನ್ನು ತೆಗೆಯಲು ಮೇಲ್ವಿಚಾರಕರ ಗುಪ್ತಪದ ಬೇಕು. ಅದು ಗುಮಾಸ್ತರ ಕೈಯಲ್ಲಿರದು, ಇರಲೂ ಕೂಡದು. ಆದುದರಿಂದ ಸ್ಥಾಪಿಸುವಾಗಲೇ ತಡೆಯುವುದು ಮೇಲು.

ಸಂಸ್ಥೆಗಳಿಗೆಂದು ಕೊಡುವ ‘ಎಂ.ಎಸ್.ಐ.’ ಕಡತಗಳಿಗೆ ಆಜ್ಞೆಯ ಸಾಲಿನಲ್ಲಿಯೇ ಸೂಚನೆಯನ್ನು ಕೊಡಬಹುದು. ಲಿಬ್ರೆಆಫೀಸಿಗೆ ‘ಕ್ರಿಯೇಟ್‌ಡೆಸ್ಕ್‌ಟಾಪ್‌ಲಿಂಕ್’ ಎಂಬುದರ ಬೆಲೆಯನ್ನು ಸೊನ್ನೆಯಾಗಿಸಿದರೆ ಸಾಕು. ಫೈರ್‌ಫಾಕ್ಸಿಗೂ ಇಂತಹುದೇ ಒಂದು ಸೂಚನೆಯುಂಟು. ತಯಾರಕರು ಅಂತಹ ಅನುಕೂಲವನ್ನು ಕೊಟ್ಟಿರದಿದ್ದರೆ ‘ಎಂ.ಎಸ್.ಟಿ.’ ಎಂಬ ತಿದ್ದುಪಡಿಯ ಕಡತವನ್ನು ರಚಿಸಿ, ಶಾರ್ಟ್‌ಕಟ್ಟುಗಳ ಪಟ್ಟಿಯಲ್ಲಿ ಮುಖಪರದೆಗೆ ಸಂಬಂಧಿಸಿದ ಸಾಲನ್ನು ತೆಗೆದುಹಾಕತಕ್ಕದ್ದು. ಮೂಲ ಕಡತವು ಮುಟ್ಟದೆ ಹಾಗೆಯೇ ಉಳಿಯುವುದು ಇದರ ಗುಣ. ಹೀಗೆ ಒಮ್ಮೆ ಸಿದ್ಧಪಡಿಸಿಟ್ಟರೆ ನೂರು ಯಂತ್ರಗಳಿಗೂ ಅದೇ ಸಾಕಾಗುತ್ತದೆ. ಹೊಸ ಆವೃತ್ತಿ ಬಂದಾಗ ಮಾತ್ರ ಮರೆಯದೆ ಪರೀಕ್ಷಿಸಬೇಕು. ಹೋದ ಅತಿಥಿ ಹಿಂದಿನ ಬಾಗಿಲಿಂದ ಮರಳುವುದುಂಟು. ಗೃಹಸ್ಥರಿಗೆ ಇಷ್ಟು ಶ್ರಮವಿಲ್ಲ: ಸ್ಥಾಪನೆಯ ವೇಳೆ ‘ಕಸ್ಟಮ್’ ಎಂಬ ಮಾರ್ಗವಿದ್ದರೆ ಅದನ್ನು ಹಿಡಿದು, ಅಲ್ಲಿನ ಗುರುತನ್ನು ತೆಗೆಯಬಹುದು.

ಇದೆಲ್ಲ ಬರಿಯ ಓರಣದ ಚಪಲವೆಂದು ನಗುವವರಿಗೆ ಇನ್ನೊಂದು ಮಾತು. 2010ರಲ್ಲಿ ಬೆಳಕಿಗೆ ಬಂದ ‘ಸ್ಟಕ್ಸ್‌ನೆಟ್’ ಎಂಬ ಕೇಡಿನ ತಂತ್ರಾಂಶವು ಶಾರ್ಟ್‌ಕಟ್ಟುಗಳನ್ನು ತೋರಿಸುವ ವಿಂಡೋಸಿನ ಒಂದು ದೋಷವನ್ನೇ ಹಿಡಿದು ಹಬ್ಬಿತು. ಒತ್ತುವುದೂ ಬೇಡ, ಚಿತ್ರವು ಪರದೆಯ ಮೇಲೆ ಮೂಡಿದರೇ ಸಾಕಾಗಿತ್ತು. ಆ ದೋಷವನ್ನು ಅದೇ ವರ್ಷ ತಿದ್ದಿದರು. ಆದರೂ ಐವತ್ತು ಚಿತ್ರಗಳ ನಡುವೆ ಐವತ್ತೊಂದನೆಯದು ಅಪರಿಚಿತವೆಂದು ಯಾರ ಕಣ್ಣಿಗೆ ಬಿದ್ದೀತು?

ಉಳಿಸಿಕೊಳ್ಳುವ ನಾಲ್ಕು ಶಾರ್ಟ್‌ಕಟ್ಟುಗಳಿಗೆ ಹೆಸರನ್ನು ಕನ್ನಡದಲ್ಲಿಯೇ ಇಡಬಹುದು. ‘ಬೆಳೆಸಾಲ’, ‘ಠೇವಣಿ’ ಎಂದು ಬರೆದರೆ ಯಂತ್ರವು ಆಕ್ಷೇಪಿಸುವುದಿಲ್ಲ.