ಪಾಠ ನಿಲ್ಲದಿರಲಿ

ಕಾಲಕ್ಕೆ ತಕ್ಕಂತೆ ಸಲಕರಣೆಗಳು ಬದಲಾಗಬೇಕೆಂಬುದನ್ನು ನಾವು ಒಪ್ಪುತ್ತೇವೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಹಳೆಯದನ್ನೇ ನೆಚ್ಚಿ ಕುಳಿತರೆ ಅಪಾಯವುಂಟು. ಆದರೆ ಬದಲಾವಣೆಯ ಹೆಸರಿನಲ್ಲಿ ಮಕ್ಕಳ ಪಾಠ ನಿಲ್ಲಬಾರದು. ಮನೆಯಲ್ಲಿ ಗಣಕವಿಲ್ಲದ ಮಗುವಿಗೆ ಶಾಲೆಯ ಆ ಒಂದು ತಾಸೇ ಸರ್ವಸ್ವ.

ತಮಿಳುನಾಡಿನ ಸರ್ಕಾರಿ ಶಾಲೆಗಳ ಹೈಟೆಕ್ ಪ್ರಯೋಗಾಲಯಗಳಲ್ಲಿ ಒಂದು ಸರ್ವರ್‌ಗೆ ಹಲವು ಪುಟ್ಟ ಗಣಕಗಳು ಜೋಡಿಸಿರುತ್ತವೆ. ಇಂಥಲ್ಲಿ ಒಂದನ್ನು ಸುಧಾರಿಸಿದರೆ ಎಲ್ಲವೂ ಸುಧಾರಿಸುತ್ತವೆ. ಅದೊಂದು ಕೆಟ್ಟರೆ ಇಡೀ ತರಗತಿ ಕೈಕಟ್ಟಿ ಕೂರಬೇಕಾಗುತ್ತದೆ.

ನಮ್ಮ ನೀಲಗಿರಿಯ ಚಹಾ ಬೆಳೆಗಾರರನ್ನು ನೋಡಿರಿ. ಮುದಿ ಗಿಡಗಳಿವೆಯೆಂದು ತೋಟವನ್ನೆಲ್ಲ ಒಮ್ಮೆಗೇ ಕೀಳುವುದಿಲ್ಲ. ಒಂದು ಭಾಗದಲ್ಲಿ ಹೊಸ ಸಸಿ ನೆಟ್ಟು, ಉಳಿದ ಭಾಗದ ಎಲೆಯಿಂದ ಸಂಸಾರ ತೂಗಿಸುತ್ತಾರೆ. ಗಣಕಕ್ಕೂ ಇದೇ ನೀತಿ. ಮೊದಲು ಮಕ್ಕಳ ಕಡತಗಳ ಪ್ರತಿಯನ್ನು ಬೇರೆಡೆ ಇಡಬೇಕು. ಹೊಸ ವ್ಯವಸ್ಥೆಯನ್ನು ಒಂದೆರಡು ಗಣಕಗಳಲ್ಲಿ ಪರೀಕ್ಷಿಸಿ, ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ನೋಡಬೇಕು. ಹೊಸದು ನೆಲೆಗೊಳ್ಳುವವರೆಗೆ ಹಳೆಯದನ್ನು ಅಳಿಸಬಾರದು. ಇದಕ್ಕೆ ಬೇಸಿಗೆ ರಜೆಯೇ ಸಕಾಲ. ಜೂನ್ ಮಳೆ ಹಿಡಿದರೆ ಗೂಡಲೂರಿನ ಕಡೆ ವಿದ್ಯುತ್ತನ್ನು ನಂಬುವಂತಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಕಡತಗಳನ್ನು ಹೆಸರಿಟ್ಟು ಜೋಪಾನ ಮಾಡಿರಿ. ಪೋಷಕರೇ, ಹೊಸ ಯಂತ್ರ ಬಂತೇ ಎಂದು ಕೇಳುವಾಗ, ಎಷ್ಟು ಪಾಠ ತಪ್ಪಿತು ಎಂದೂ ಕೇಳಿರಿ.