ಕೂದಲು ನೆಡುವ ಹೆಸರಿನಲ್ಲಿ ತಲೆ ಬೋಳಿಸುವ ವ್ಯಾಪಾರ



ಪಗಾರ ಹೆಚ್ಚಿಸಿರೆಂದು ಕೇಳಿದರೆ ನಮ್ಮ ಧಣಿಗಳ ಬಾಯಲ್ಲಿ 'ಬರುವ ತಿಂಗಳು ನೋಡೋಣ' ಎಂಬ ಮಾತನ್ನು ಬಿಟ್ಟು ಬೇರೊಂದು ಬರುವುದಿಲ್ಲ. ಆದರೆ ಕೈಗೆ ಬಂದ ಅಷ್ಟು ಪಗಾರವನ್ನು ನಮ್ಮ ಕಿಸೆಯಿಂದ ಎತ್ತಿಕೊಳ್ಳುವುದಕ್ಕೆ ದಿನಕ್ಕೊಂದು ಹೊಸ ಅಂಗಡಿ ತೆರೆಯುತ್ತಲೇ ಇದೆ. ಒಂದು ಕಾಲಕ್ಕೆ ಮಟ್ಕಾ, ಮತ್ತೊಂದು ಕಾಲಕ್ಕೆ ಚಿಟ್‌ಫಂಡು. ಈಗ ನಮ್ಮ ಹೆಂಗಸರ ತಲೆಗೂದಲಿನ ಸರದಿ. 'ಕೂದಲು ತೆಳ್ಳಗಾಗಿದೆಯೆ? ಶಸ್ತ್ರಚಿಕಿತ್ಸೆ ಮಾಡಿ ನೆಟ್ಟುಕೊಡುತ್ತೇವೆ, ಹಣವನ್ನು ಕಂತಿನಲ್ಲಿ ಕೊಡಿ' ಎಂಬ ಜಾಹೀರಾತು ರಿಕ್ಷಾದ ಬೆನ್ನ ಮೇಲೆ, ಕೈಯ ಮೊಬೈಲಿನಲ್ಲಿ ಸವಾರಿ ಮಾಡುತ್ತ ಭಾಂಡುಪಿನ ಖಿಂಡಿಪಾಡಾ, ತುಳಶೇತ್‌ಪಾಡಾಗಳ ಗುಡ್ಡದ ಖೋಲಿಗಳವರೆಗೂ ಬಂದಿದೆ. ಮುಂಬಯಿಯ ಬಹುಪಾಲು ನೀರು ಶುದ್ಧವಾಗುವುದು ನಮ್ಮ ಭಾಂಡುಪಿನಲ್ಲಿಯೆ. ಆ ನೀರು ಸರಿಯಾಗಿ ಏರದ ಗುಡ್ಡಕ್ಕೆ ಜಾಹೀರಾತು ಮಾತ್ರ ಸಲೀಸಾಗಿ ಏರುತ್ತದೆ!

ಕಾರ್ಮಿಕರ ಪತ್ರಿಕೆಗೆ ಹೆಂಗಸರ ಜಡೆಯ ಉಸಾಬರಿ ಏತಕ್ಕೆಂದು ಕೆಲವರು ನಕ್ಕಾರು. ನಗುವವರಿಗೆ ಮೊದಲು ಒಂದು ಮಾತು. ಗಂಡಸಿನ ತಲೆ ಬೋಳಾದರೆ ಅವನು ಅನುಭವಸ್ಥ. ಹೆಂಗಸಿನ ಬೈತಲೆ ಎರಡು ಬೆರಳು ಅಗಲವಾದರೆ ಅವಳಿಗೇನೋ ರೋಗ! ಹೆಣ್ಣು ನೋಡಲು ಹೋದಾಗ ಜಡೆಯ ಉದ್ದವನ್ನು ಕಣ್ಣಿನಲ್ಲಿಯೆ ಅಳೆಯುವವರು ಯಾರು? ನಾವೆ ಅಲ್ಲವೆ? ಕೂದಲು ಕಳೆದುಕೊಂಡ ಹೆಂಗಸು ಮದುವೆ ಮುಂಜಿಗಳಿಗೆ ಹೋಗಲು ಅಂಜುತ್ತಾಳೆ, ಸೆರಗಿನಲ್ಲಿ ತಲೆ ಮುಚ್ಚಿಕೊಳ್ಳುತ್ತಾಳೆ, ಕನ್ನಡಿಯ ಮುಂದೆ ಅಳುತ್ತಾಳೆ. ಆ ಸಂಕಟ ಸುಳ್ಳಲ್ಲ. ನಾವು ಆಡಿದ ಚುಚ್ಚುಮಾತಿನಿಂದಲೆ ಆ ಅಂಗಡಿಗಳ ಗಲ್ಲಾ ತುಂಬುತ್ತದೆ. ಆದುದರಿಂದ ನಾನು ಬೈಯುವುದು ಹೆಂಗಸರನ್ನಲ್ಲ.

ಈ ಚಿಕಿತ್ಸೆ ಎಂದರೆ ಏನು? ಊರಲ್ಲಿ ಗದ್ದೆ ಕಂಡವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ನೇಜಿ ಕಿತ್ತು ನೆಡುವುದು. ತಲೆಯ ಹಿಂಭಾಗದಿಂದ ಕೂದಲನ್ನು ಬೇರು ಸಮೇತ ತೆಗೆದು, ತೆಳ್ಳಗಾದ ಜಾಗದಲ್ಲಿ ಒಂದೊಂದಾಗಿ ಊರುತ್ತಾರೆ. ಹೊಸ ಕೂದಲನ್ನು ಯಾರೂ ಸೃಷ್ಟಿ ಮಾಡುವುದಿಲ್ಲ. ಇದ್ದದ್ದನ್ನೇ ಅಲ್ಲಿಂದ ಇಲ್ಲಿಗೆ ಸಾಗಿಸುತ್ತಾರೆ. ಜಪಾನಿನ ಡಾಕ್ಟರ್ ಒಕುಡಾ 1939ರಲ್ಲಿಯೆ ಇಂತಹ ಕೆಲಸವನ್ನು ವರದಿ ಮಾಡಿದ್ದರು. ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ ಎಂಬ ವೈದ್ಯರು 1959ರಲ್ಲಿ ಪ್ರಕಟಿಸಿದ ಲೇಖನದಿಂದ ಇದರ ತತ್ತ್ವ ಜಗತ್ತಿಗೆ ತಿಳಿಯಿತು. ಗಂಡಸಿನ ನೆತ್ತಿ ಬೋಳಾದರೂ ಹಿಂದಲೆಯ ಕೂದಲು ಗಟ್ಟಿಯಾಗಿ ಉಳಿಯುತ್ತದೆ. ಅದನ್ನು ಕಿತ್ತು ಮುಂದೆ ನೆಟ್ಟರೂ ತನ್ನ ಗುಣ ಬಿಡುವುದಿಲ್ಲ. ಇದೇ ಆ ತತ್ತ್ವ.

ಆದರೆ ಹೆಂಗಸರ ಕಥೆ ಬೇರೆ. ವಂಶದಿಂದ ಬರುವ ಕೂದಲು ತೆಳುವಾಗುವಿಕೆಯನ್ನು ಲುಡ್ವಿಗ್ ಎಂಬ ವೈದ್ಯರು 1977ರಲ್ಲಿ ಮೂರು ಹಂತಗಳಾಗಿ ವಿಂಗಡಿಸಿದರು. ಸಾಮಾನ್ಯವಾಗಿ ಹೆಂಗಸರ ಮುಂದಲೆಯ ಅಂಚು ಉಳಿದು, ನೆತ್ತಿಯ ಮೇಲೆಲ್ಲ ಕೂದಲು ವಿರಳವಾಗುತ್ತ ಹೋಗುತ್ತದೆ. ಅನೇಕರಿಗೆ ಹಿಂದಲೆಯೂ ತೆಳ್ಳಗಾಗಿರುತ್ತದೆ. ನೇಜಿಯ ಗದ್ದೆಯೇ ಸೊರಗಿದ್ದರೆ ನಾಟಿ ಮಾಡುವುದು ಯಾವುದನ್ನು? ಸೊರಗಿದ ನೇಜಿಯನ್ನು ಎಲ್ಲಿ ನೆಟ್ಟರೂ ಅದು ಸೊರಗಿದ ನೇಜಿಯೇ. ಮೇಲಾಗಿ, ನೆಟ್ಟ ಕೂದಲು ಮೊದಲ ಕೆಲವು ವಾರಗಳಲ್ಲಿ ಉದುರಿ, ಮೂರು ನಾಲ್ಕು ತಿಂಗಳ ಮೇಲೆ ಚಿಗುರತೊಡಗುತ್ತದೆ. ಫಲ ಕಾಣಲು ಒಂದು ವರ್ಷ ಬೇಕು. ನಾಟಿಯ ಆಘಾತಕ್ಕೆ ಅಕ್ಕಪಕ್ಕದಲ್ಲಿದ್ದ ಕೂದಲೂ ಉದುರುವುದುಂಟು. ಇದನ್ನೆಲ್ಲ ಯಾವ ಜಾಹೀರಾತು ಹೇಳಿದೆ?

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಟೈಫಾಯಿಡು, ಡೆಂಗ್ಯೂ, ಹೆರಿಗೆ, ಹೊಟ್ಟೆಗಿಲ್ಲದ ದಿನಗಳು, ದೊಡ್ಡ ದುಃಖ, ಇವುಗಳಲ್ಲಿ ಯಾವುದಾದರೂ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ಕೈತುಂಬ ಬರುತ್ತದೆ. 2020 ಮತ್ತು 2021ರ ಕೋವಿಡ್ ಜ್ವರದ ನಂತರ ಎಷ್ಟು ಮನೆಗಳಲ್ಲಿ ಹೀಗಾಗಲಿಲ್ಲ! ಕಾರಣ ಹೋದರೆ, ಸಾಮಾನ್ಯವಾಗಿ ಆರೇಳು ತಿಂಗಳಲ್ಲಿ ಅದು ತಾನಾಗಿಯೆ ಮತ್ತೆ ಬೆಳೆಯುತ್ತದೆ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೂ, ಥೈರಾಯ್ಡ್ ಗ್ರಂಥಿ ಕೆಟ್ಟರೂ ಕೂದಲು ಉದುರುತ್ತದೆ. ಅದಕ್ಕೆ ಔಷಧವಿರುವುದು ಗುಳಿಗೆಯಲ್ಲಿ, ಕತ್ತಿಯಲ್ಲಿ ಅಲ್ಲ.

ಕಳೆದ ವರ್ಷ ನಮ್ಮ ಒಬ್ಬ ಸಪ್ಲಾಯರ್ ಬಂಧು ಸಾಲ ಬೇಕೆಂದು ನನ್ನ ಬಳಿ ಬಂದ. ಹೆಂಡತಿಗೆ ಹೆರಿಗೆಯಾಗಿ ನಾಲ್ಕು ತಿಂಗಳು. ಮಗುವಿಗೆ ಹಾಲೂಡಿಸುತ್ತ, ಮನೆಯಲ್ಲಿ ಚಪಾತಿ ಲಟ್ಟಿಸಿ ಖಾನಾವಳಿಗೆ ಕೊಡುವ ಹೆಂಗಸು. ಕೂದಲು ಹೋಗುತ್ತಿದೆಯೆಂದು 'ಪುಕ್ಕಟೆ ಸಲಹೆ'ಯ ಬೋರ್ಡು ನೋಡಿ ಒಂದು ಕಡೆ ಹೋದರಂತೆ. ಬಿಳಿ ಕೋಟಿನವರೊಬ್ಬರು ತಲೆಯ ಚಿತ್ರವನ್ನು ಟಿ.ವಿ. ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿ, ಎರಡು ಸಾವಿರ ಬೇರು ನೆಡಬೇಕು, ಇಂದೇ ಮುಂಗಡ ಕೊಟ್ಟರೆ ರಿಯಾಯಿತಿ ಎಂದರಂತೆ. 'ಅವರು ಡಾಕ್ಟರರೆ?' ಎಂದು ಕೇಳಿದೆ. 'ಗೊತ್ತಿಲ್ಲ ಅಣ್ಣ.' 'ರಕ್ತ ಪರೀಕ್ಷೆ ಮಾಡಿದರೆ?' 'ಇಲ್ಲ ಅಣ್ಣ, ಕಂತಿನ ಕಾಗದಕ್ಕೆ ಆಧಾರ್ ಕಾರ್ಡ್ ತೆಗೆದುಕೊಂಡರು.' ಮ್ಯುನಿಸಿಪಲ್ ಆಸ್ಪತ್ರೆಗೆ ಕಳುಹಿಸಿದೆವು. ಹೆಂಗಸಿಗೆ ಹನ್ನೆರಡು ಗ್ರಾಮಾದರೂ ಇರಬೇಕಾದ ಹಿಮೋಗ್ಲೋಬಿನ್ ಅವಳಲ್ಲಿ ಎಂಟು! ಕಬ್ಬಿಣದ ಗುಳಿಗೆ ನುಂಗಿದಳು, ಹೊಟ್ಟೆಗೆ ಸರಿಯಾಗಿ ತಿಂದಳು. ತಿಂಗಳುಗಳು ಕಳೆದಂತೆ ಹಣೆಯ ಅಂಚಿನಲ್ಲಿ ಮರಿಗೂದಲು ಎದ್ದಿತು. ಕೊಟ್ಟ ಮುಂಗಡ ಮಾತ್ರ ಇಂದಿಗೂ ಪೂರ್ತಿ ಹಿಂದೆ ಬಂದಿಲ್ಲ.

ಲೆಕ್ಕ ಹಾಕಿ ನೋಡಿ. ಬೇರೊಂದಕ್ಕೆ 50 ರೂಪಾಯಿ ಎಂದು ಹಿಡಿದರೂ ಎರಡು ಸಾವಿರಕ್ಕೆ ಒಂದು ಲಕ್ಷ. ತಿಂಗಳಿಗೆ 16,000 ತರುವವನಿಗೆ ಅದು ಆರು ತಿಂಗಳ ಪೂರ್ತಿ ಪಗಾರ, ಬಡ್ಡಿ ಬೇರೆ. ಬಾಣಂತಿಯ ಹಾಲು ಮೊಟ್ಟೆ ಉಳಿಸಿ ಆ ಕಂತು ಕಟ್ಟಿದರೆ ನೆಟ್ಟ ಕೂದಲೂ ನಿಲ್ಲದು, ಇದ್ದ ರಕ್ತವೂ ಉಳಿಯದು!

ಇದು ಒಬ್ಬಳ ಕಥೆಯೆಂದು ತಿಳಿಯಬೇಡಿ. ಸರಕಾರವೆ ನಡೆಸಿದ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಇರುವವರು ದೇಶದಲ್ಲಿ ನೂರಕ್ಕೆ 57, ಮಹಾರಾಷ್ಟ್ರದಲ್ಲಿ 54, ಕರ್ನಾಟಕದಲ್ಲಿ 48. ಹುಟ್ಟಿದ ರಾಜ್ಯದಲ್ಲಿಯೂ ಅದೇ, ಹೊಟ್ಟೆ ಹೊರೆಯಲು ಬಂದ ರಾಜ್ಯದಲ್ಲಿಯೂ ಅದೇ. 1982ರ ಮುಷ್ಕರದ ನಂತರ ಗಿರಣಿಗಳ ಬಾಗಿಲು ಒಂದೊಂದಾಗಿ ಮುಚ್ಚಿದಾಗ ಖಾನಾವಳಿ ನಡೆಸಿ, ರೊಟ್ಟಿ ತಟ್ಟಿ ಸಂಸಾರ ಎಳೆದ ಹೆಂಗಸರು ನಮ್ಮವರು. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ತಿಂದು, ಮೇಲೊಂದು ಚಹಾ ಕುಡಿದು ಮಲಗುವವರು. ಊಟದ ಮೇಲೆಯೆ ಕುಡಿಯುವ ಚಹಾ ಅನ್ನದಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ ಎಂಬುದನ್ನು ಚಹಾ ಮಾರಿ ಬದುಕುವ ನಾವೇ ಮನೆಯಲ್ಲಿ ಹೇಳಿಲ್ಲ. ಕೂದಲು ತೆಳ್ಳಗಾದಾಗ 'ಮುಂಬಯಿಯ ನೀರು ಆಗದು' ಎಂದು ನೀರಿನ ಮೇಲೆ ಹಾಕುತ್ತೇವೆ. ನೀರಲ್ಲ ಸ್ವಾಮಿ, ನೆತ್ತರು!

ಇದೇ ಕೂದಲಿನ ವ್ಯಾಪಾರಕ್ಕೆ ಇನ್ನೊಂದು ತುದಿಯೂ ಉಂಟು. ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ನಮ್ಮ ಹೆಂಗಸರು ಉಂಡೆ ಕಟ್ಟಿ ಎತ್ತಿಡುತ್ತಾರೆ. ಓಣಿಗೆ ಬರುವವನು ನಾಲ್ಕು ಪಿನ್ನೋ, ಒಂದು ಬಟ್ಟಲೋ ಕೊಟ್ಟು ಒಯ್ಯುತ್ತಾನೆ. ಅಂತಹ ಕೂದಲು ಹೋಗಿ ಸೇರುವ ಊರುಗಳಲ್ಲಿ ನಮ್ಮ ಕೊಪ್ಪಳದ ಬಳಿಯ ಭಾಗ್ಯನಗರವೂ ಒಂದು. ಅಲ್ಲಿ ಬಡ ಹೆಂಗಸರು ನೆಲದ ಮೇಲೆ ಕುಳಿತು ಗಂಟುಗಂಟಾದ ಕೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ. ಅದು ವಿದೇಶಕ್ಕೆ ಹೋಗಿ ವಿಗ್ಗಾಗುತ್ತದೆ. ಬಡವಳ ತಲೆಯಿಂದ ಉದುರಿದ್ದಕ್ಕೆ ನಾಲ್ಕು ಪಿನ್ನು. ಅದೇ ತಲೆಯ ಮೇಲೆ ಒಂದೊಂದು ಬೇರು ನೆಡುವುದಕ್ಕೆ ಐವತ್ತು ರೂಪಾಯಿ. ಯಾವ ನ್ಯಾಯದ ತಕ್ಕಡಿ ಇದು?

ಹಣ ಹೋಗುವುದಷ್ಟೆ ಅಲ್ಲ, ಜೀವಕ್ಕೂ ಅಪಾಯವುಂಟು. 2016ರಲ್ಲಿ ಚೆನ್ನೈಯಲ್ಲಿ ಕೂದಲು ನೆಡಿಸಿಕೊಳ್ಳಲು ಹೋದ ವೈದ್ಯ ವಿದ್ಯಾರ್ಥಿಯೊಬ್ಬ ಸತ್ತ. 2019ರ ಮಾರ್ಚಿಯಲ್ಲಿ ನಮ್ಮ ಪಕ್ಕದ ಸಾಕಿನಾಕಾದ 43 ವರ್ಷದ ವ್ಯಾಪಾರಿಯೊಬ್ಬರು ಇದೇ ಚಿಕಿತ್ಸೆಯಾಗಿ ಎರಡು ದಿನಗಳ ಮೇಲೆ ತೀರಿಕೊಂಡರು. ಕಾನ್ಪುರದಲ್ಲಿ ಕೂದಲು ನೆಡಿಸಿಕೊಂಡ ಇಬ್ಬರು ಎಂಜಿನಿಯರುಗಳು ಸತ್ತದ್ದು 2025ರಲ್ಲಿ ಬೆಳಕಿಗೆ ಬಂದು, ಹಲ್ಲಿನ ವೈದ್ಯರೊಬ್ಬರ ಮೇಲೆ ಮೊಕದ್ದಮೆಯಾಯಿತು. ಇಂತಹ ಸಾವು ಅಪರೂಪ, ನಿಜ. ಆದರೆ ಸತ್ತವನ ಮನೆಯವರಿಗೆ ಅಪರೂಪವೆಂಬ ಮಾತಿನಿಂದ ಸಮಾಧಾನವುಂಟೆ? ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸಪ್ಟೆಂಬರಿನಲ್ಲಿಯೆ ಸ್ಪಷ್ಟವಾಗಿ ಹೇಳಿದೆ: ತರಬೇತಾದ ನೋಂದಾಯಿತ ವೈದ್ಯರೇ ಇದನ್ನು ಮಾಡತಕ್ಕದ್ದು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ, ತುರ್ತು ಚಿಕಿತ್ಸೆಯ ಏರ್ಪಾಡು ಇರಲೇಬೇಕು.

ನಾನು ವಿಜ್ಞಾನಕ್ಕೆ ವಿರೋಧಿಯಲ್ಲ. ಒಲೆಯ ಬೆಂಕಿಗೆ ತಲೆ ಸುಟ್ಟು ಕಲೆಯಾದವಳಿಗೆ, ಗಾಯದಿಂದ ಕೂದಲು ಹೋದವಳಿಗೆ, ವರ್ಷಗಟ್ಟಲೆ ಎಳೆದು ಬಿಗಿದು ಜಡೆ ಹಾಕಿ ಹಣೆಯ ಅಂಚು ಶಾಶ್ವತವಾಗಿ ಬರಿದಾದವಳಿಗೆ, ಹಿಂದಲೆ ಗಟ್ಟಿಯಿದ್ದು ನೆತ್ತಿ ಮಾತ್ರ ತೆಳುವಾದವಳಿಗೆ ಈ ಚಿಕಿತ್ಸೆಯಿಂದ ಉಪಕಾರವಾಗಬಹುದು. ವಂಶದಿಂದ ಬಂದ ತೆಳುವಿಗೆ ಹಚ್ಚುವ ಮಿನಾಕ್ಸಿಡಿಲ್ ಎಂಬ ಔಷಧವೂ ಇದೆ; ಬಸುರಿ ಬಾಣಂತಿಯರಿಗೆ ಅದು ಸಲ್ಲದು, ಹಚ್ಚುವುದನ್ನು ಬಿಟ್ಟರೆ ಗುಣವೂ ನಿಲ್ಲದು. ಯಾರಿಗೆ ಯಾವುದೆಂದು ಹೇಳಬೇಕಾದವರು ಚರ್ಮರೋಗದ ವೈದ್ಯರು. ಕಮಿಶನ್ ಎಣಿಸುವ ಮಾರಾಟಗಾರರಲ್ಲ.

ಹಾಗಾದರೆ ಬಡವನಿಗೆ ವೈದ್ಯರೆಲ್ಲಿ? ಇಲ್ಲಿಯೇ ನಮ್ಮ ಹೋರಾಟ ಬರುತ್ತದೆ. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಹೋಟೆಲು ಇ.ಎಸ್.ಐ. ವಿಮೆಯ ವ್ಯಾಪ್ತಿಗೆ ಸೇರುತ್ತದೆ. ಅದರ ಪಗಾರದ ಮಿತಿ 2017ರಲ್ಲಿ 21,000 ರೂಪಾಯಿಗೆ ಏರಿತು. 2019ರ ಜುಲೈಯಲ್ಲಿ ಗೊತ್ತುಮಾಡಿದ ದರದಂತೆ 16,000 ಪಗಾರದವನಿಂದ ಮುರಿಯುವುದು ಬರೇ 120 ರೂಪಾಯಿ. ಧಣಿ ಹಾಕಬೇಕಾದುದು 520. ಆ ಕಾರ್ಡಿನಲ್ಲಿ ಹೆಂಡತಿ ಮಕ್ಕಳಿಗೂ ರಕ್ತಪರೀಕ್ಷೆ, ವೈದ್ಯರು, ಔಷಧ ಎಲ್ಲವೂ ಸಲ್ಲುತ್ತದೆ. ಅದರ ಆಸ್ಪತ್ರೆ ಇಲ್ಲಿಂದ ದೂರವೇನಲ್ಲ, ಮುಲುಂಡಿನಲ್ಲಿದೆ. ಆದರೆ ಮೋರಿಯಲ್ಲಿ ಕಪ್ಪು ಬಸಿ ತೊಳೆಯುವವನ, ಅಡಿಗೆಮನೆಯಲ್ಲಿ ಬೇಯುವವನ ಹೆಸರೇ ಎಷ್ಟೋ ಧಣಿಗಳ ಹಾಜರಿ ಪುಸ್ತಕದಲ್ಲಿಲ್ಲ! 520 ರೂಪಾಯಿ ಉಳಿಸುವ ಧಣಿಯ ಜಿಪುಣತನವೇ ನಮ್ಮ ಹೆಂಗಸರನ್ನು ಕಂತಿನ ಅಂಗಡಿಯ ಬಾಗಿಲಿಗೆ ತಳ್ಳುತ್ತಿದೆ.

ಆದುದರಿಂದ ಬಂಧುಗಳೆ, ಈ ತಿಂಗಳಲ್ಲಿಯೇ ಮಾಡಬೇಕಾದ ಕೆಲಸ ಇಷ್ಟು. ಮನೆಯ ಹೆಂಗಸರ ಕೂದಲು ಉದುರುತ್ತಿದ್ದರೆ ಮೊದಲು ಮ್ಯುನಿಸಿಪಲ್ ದವಾಖಾನೆಯಲ್ಲಿ ರಕ್ತ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬಸಳೆ, ಹರಿವೆ, ಹುರುಳಿ, ಮೊಟ್ಟೆ, ಮೀನು ಅವರ ತಟ್ಟೆಗೂ ಬೀಳಲಿ. ಊಟಕ್ಕೂ ಚಹಾಕ್ಕೂ ನಡುವೆ ಒಂದೆರಡು ಗಂಟೆಯ ಅಂತರವಿರಲಿ. ಶಸ್ತ್ರಚಿಕಿತ್ಸೆಯೇ ಬೇಕೆಂದು ಯಾರಾದರೂ ಹೇಳಿದರೆ ವೈದ್ಯರ ಹೆಸರು, ನೋಂದಣಿ ಸಂಖ್ಯೆ, ಕತ್ತಿ ಹಿಡಿಯುವವರು ಯಾರು ಎಂಬುದನ್ನು ಬರೆದು ಕೇಳಿರಿ; ಬಿಲ್ಲಿಲ್ಲದೆ ಬಿಡಿಗಾಸೂ ಕೊಡಬೇಡಿ; ಮೋಸಹೋದವರು ಬಳಕೆದಾರರ ಆಯೋಗಕ್ಕೆ ದೂರು ಬರೆಯಿರಿ, ಬರೆಯಲು ಬಾರದಿದ್ದರೆ ನಮ್ಮಲ್ಲಿಗೆ ಬನ್ನಿ. ಮತ್ತು ಎಲ್ಲಕ್ಕಿಂತ ಮೊದಲು, ನಾಳೆ ಬೆಳಿಗ್ಗೆ ಅಂಗಿ ಕಳಚಿ ಏಪ್ರನ್ ಕಟ್ಟುವ ಮುಂಚೆ ಗಲ್ಲಾದ ಎದುರು ನಿಂತು ಕೇಳಿರಿ: 'ಸೇಟ್, ನನ್ನ ಇ.ಎಸ್.ಐ. ಕಾರ್ಡ್ ಎಲ್ಲಿ?' ಒಬ್ಬನೇ ಕೇಳಿದರೆ ಅವನ ಕೆಲಸ ಹೋದೀತು. ಹತ್ತು ಮಂದಿ ಒಟ್ಟಿಗೆ ಕೇಳಿರಿ!